ಲೇತನ್ನು ತೂಕಕ್ಕೆ ಹಾಕುವ ಮೊದಲು

ಮೂರು ವರ್ಷದ ಹಿಂದೆ ಯುಗಾದಿಗೆ ಮನೆಗೆ ಸುಣ್ಣ ಬಳಿಯುವಾಗ ಗುಜರಿಯವರೊಬ್ಬರು ಬಂದಿದ್ದರು. ಹಳೇ ಪೈಪು, ಮುರಿದ ಕುಂಟೆ, ತಗಡು ಎಲ್ಲ ತೂಗಿಸಿಕೊಂಡು ದುಡ್ಡು ಎಣಿಸುವಾಗ ಅವರ ಕಣ್ಣು ಹಿತ್ತಲಿನ ಕೋಣೆಯ ಮೇಲೆ ಬಿತ್ತು.

'ಯಜಮಾನ್ರೇ, ಆ ಲೇತು ಸುಮ್ನೆ ನಿಂತೈತಲ್ಲ. ಕೆ.ಜಿ.ಗೆ 32 ಕೊಡ್ತೀನಿ. ನಾಳೆನೇ ಕ್ರೇನ್ ತರ್ತೀನಿ.'

ಕಟ್ಟೆ ಮೇಲೆ ಕೂತಿದ್ದ ಅಪ್ಪ ತಲೆ ಎತ್ತಲಿಲ್ಲ. 'ಹುಡುಗ್ರನ್ನ ಕೇಳ್ರಿ. ಅವ್ರಿಗೆ ಬೇಕಾದ್ರೆ ಇರ್ತೈತಿ, ಇಲ್ಲಾಂದ್ರೆ ಹೋಗ್ತೈತಿ' ಅಂದರು.

ಹುಡುಗರು ಅಂದರೆ ನಾವು, ಇದನ್ನು ಬರೆಯುತ್ತಿರುವ ಅಕ್ಕ ಮತ್ತು ತಮ್ಮ. ಒಬ್ಬರು ಪತ್ರಿಕೋದ್ಯಮ ಓದಿದವರು, ಇನ್ನೊಬ್ಬರು ಬಿ.ಕಾಂ. ಮಾಡಿ ಜಮೀನು ನೋಡಿಕೊಳ್ಳುವವರು. ಇಬ್ಬರಿಗೂ ಆಗ ಲೇತ್ ಶುರು ಮಾಡಲೂ ಬರುತ್ತಿರಲಿಲ್ಲ. 800 ಕೆ.ಜಿ. ಎಂದು ಲೆಕ್ಕ ಹಿಡಿದರೆ 25,600 ರೂಪಾಯಿ. ಬೀಜ, ಗೊಬ್ಬರದ ಖರ್ಚು ಎದುರಿಗಿದ್ದ ಸಮಯ. ಒಂದು ವಾರ ಟೈಮ್ ಕೇಳಿದೆವು. ಆ ವಾರ ಇನ್ನೂ ಮುಗಿದಿಲ್ಲ ಅನ್ನಿ.

ನಿಮ್ಮ ಊರಲ್ಲೂ ಇಂಥ ಒಂದು ಲೇತ್ ಇರಬಹುದು. ಮುಚ್ಚಿದ ವರ್ಕ್‌ಶಾಪಿನಲ್ಲೋ, ಯಾರದೋ ದನದ ಕೊಟ್ಟಿಗೆಯ ಮೂಲೆಯಲ್ಲೋ. ಮಗ ಬೆಂಗಳೂರಿನಲ್ಲಿ, ಅಪ್ಪನಿಗೆ ವಯಸ್ಸು, ಲೇತ್ ಮೇಲೆ ಈರುಳ್ಳಿ ಚೀಲ. ಅದನ್ನು ತೂಕಕ್ಕೆ ಹಾಕುವ ಮೊದಲು ಒಂದು ಸಲ ಎಣ್ಣೆ ಬಿಟ್ಟು ತಿರುಗಿಸಿ ನೋಡಿ ಎಂದು ಹೇಳುವುದಕ್ಕೆ ಇಷ್ಟು ಬರೆಯುತ್ತಿದ್ದೇವೆ.

ನಮ್ಮದು ಹರಿಹರದಲ್ಲಿ ತಯಾರಾದ ಮೈಸೂರು ಕಿರ್ಲೋಸ್ಕರ್ ಲೇತ್, ಆರಡಿ ಬೆಡ್ಡಿನದು. ಈಗಿನ ಹುಡುಗರಿಗೆ ಹರಿಹರ ಅಂದರೆ ದೇವಸ್ಥಾನ, ಹೊಳೆ, ರೈಲ್ವೆ ಸ್ಟೇಷನ್. ಆದರೆ 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪು, ಕಾಲೇಜು, ಐ.ಟಿ.ಐ.ಗಳಿಗೆ ಹೋದವು. ಎಚ್.ಎಂ.ಟಿ. ಅಂದರೆ ನಾವೆಲ್ಲ ವಾಚು ಅಂದುಕೊಳ್ಳುತ್ತೇವೆ. 1953ರಲ್ಲಿ ಬೆಂಗಳೂರಿನಲ್ಲಿ ಅದು ಹುಟ್ಟಿದ್ದು ಮಷಿನ್ ಟೂಲ್ ಮಾಡುವುದಕ್ಕೆ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ ಮೊದಲು ಮಾಡಿದ್ದು ಲೇತೇ, ವಾಚು ಆಮೇಲೆ ಬಂತು. ಕೊಯಮತ್ತೂರು, ರಾಜಕೋಟ್, ಪಂಜಾಬಿನ ಬಟಾಲಾ ಕಡೆಯ ಲೇತ್‌ಗಳೂ ನಮ್ಮ ಊರುಗಳಲ್ಲಿ ಸಿಗುತ್ತವೆ. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಅಲ್ಲಿ ಎರಕ ಹೊಯ್ದ ಬೀಡು ಮಾತ್ರ ಇನ್ನೂ ನಮ್ಮ ಹಿತ್ತಲಿನಲ್ಲಿ ನಿಂತಿದೆ.

ಅಪ್ಪ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಹರಿಹರದ ಬಾಡಿಗೆ ಶೆಡ್ಡಿನಲ್ಲಿ ಓಡಿಸಿದವರು. ಕಣ್ಣು ಮಂಜಾಗಿ, ಕೈ ನಡುಗಲು ಶುರುವಾದ ಮೇಲೆ ಶೆಡ್ ಬಿಟ್ಟು ಲೇತನ್ನು ಊರಿಗೆ ತಂದರು. ಯಾಕೆ ತಂದರು ಎಂದು ಅವ್ವ ಈಗಲೂ ಕೇಳುತ್ತಾರೆ. ಆರು ವರ್ಷ ಅದು ನಿಂತೇ ಇತ್ತು.

'ಈಗ ಸಿ.ಎನ್.ಸಿ. ಬಂದಿದೆ, ಈ ಮುದಿ ಲೇತ್ ಯಾಕೆ?' ಎಂದು ನಮ್ಮ ಗೆಳೆಯರೇ ಕೇಳಿದರು. ಸಿ.ಎನ್.ಸಿ. ಒಳ್ಳೆಯದೇ. ಒಂದೇ ಅಳತೆಯ ಸಾವಿರ ಪೀಸು ಬೇಕಾದವರಿಗೆ ಅದೇ ಬೇಕು. ನಮ್ಮೂರಿನ ರೈತನಿಗೆ ಬೇಕಾಗುವುದು ಒಂದೇ ಒಂದು ಪಿನ್ನು. ಅದೂ ಟ್ರೇಲರ್‌ನ ತೂತು ಸವೆದು ಮೊಟ್ಟೆಯಾಕಾರ ಆಗಿದೆ, ಅಂಗಡಿಯ ಪಿನ್ನು ಅದರಲ್ಲಿ ಗಡಗಡ ಅನ್ನುತ್ತದೆ. ತೂತು ಸರಿಮಾಡಿ, ಆ ತೂತಿನ ಅಳತೆಗೇ ಪಿನ್ ತಿರುವಬೇಕು. ಬಿತ್ತನೆ ಹೊತ್ತಿನಲ್ಲಿ ರೋಟವೇಟರ್‌ನ ಬುಶ್ ಹೋದರೆ ಅದನ್ನು ಬಿಚ್ಚಿ ಬಸ್ಸಿನಲ್ಲಿ ಪೇಟೆಗೆ ಒಯ್ದು, ಅಲ್ಲಿ ಪಾಳಿ ಕಾದು ವಾಪಸ್ ಬರುವಷ್ಟರಲ್ಲಿ ಒಂದು ದಿನ ಹೋಗುತ್ತದೆ. ಹದ ಹೋದರೆ ಆ ದಿನವನ್ನು ಯಾರು ಕೊಡುತ್ತಾರೆ? ಲೇತ್ ಊರಲ್ಲಿದ್ದರೆ ಅದು ಒಂದು ತಾಸಿನ ಕೆಲಸ.

ಹಳೆಯದು ಅಂದ ಮಾತ್ರಕ್ಕೆ ಲೇತ್ ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಬೀಡಿಗೆ ಒಂದು ಗುಣ ಇದೆ: ಎರಕ ಹೊಯ್ದಾಗ ಒಳಗೆ ಉಳಿದ ಬಿಗಿತ ಕಾಲ ಕಳೆದಂತೆ ಸಡಿಲಾಗುತ್ತದೆ. ಹಳೇ ಕಾಲದ ಕಾರ್ಖಾನೆಗಳು ಎರಕದ ಬೆಡ್ಡನ್ನು ತಿಂಗಳುಗಟ್ಟಲೆ ಹೊರಗೆ ಬಿಸಿಲು ಮಳೆಗೆ ಬಿಟ್ಟು ಆಮೇಲೆ ಮಷಿನ್ ಹಾಕುತ್ತಿದ್ದವು. ಹೀಗಾಗಿ ಐವತ್ತು ವರ್ಷದ ಬೆಡ್ಡು ತಾನಾಗಿ ಸೊಟ್ಟಗಾಗುವ ಭಯ ಕಡಿಮೆ. ಸವೆತದ್ದೇ ತೊಂದರೆ.

ಆ ಸವೆತವೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅಪ್ಪ ನಮಗೆ ಮೊದಲು ತೋರಿಸಿದ್ದು ಇದನ್ನೇ. ಸಣ್ಣ ಜಾಬೆಲ್ಲ ಚಕ್ ಹತ್ತಿರವೇ ನಡೆಯುವುದರಿಂದ ಬೆಡ್ಡು ಅಲ್ಲೇ ಸವೆಯುತ್ತದೆ, ಹೊಸ್ತಿಲು ನಡುವೆ ಸವೆದ ಹಾಗೆ. ಟೇಲ್‌ಸ್ಟಾಕ್ ಕಡೆಯ ತುದಿ ಹೊಸದರಂತೆಯೇ ಇರುತ್ತದೆ. ಸ್ಯಾಡಲನ್ನು ಚಕ್ ಹತ್ತಿರ ತಂದು ಅಲುಗದಂತೆ ಬಿಗಿ ಮಾಡಿ, ಆಮೇಲೆ ಆ ತುದಿಗೆ ತಳ್ಳಿ ನೋಡಿ. ಮಧ್ಯದಲ್ಲೇ ಹಿಡಿದು ನಿಂತರೆ ಬೆಡ್ಡು ಅಷ್ಟು ಸವೆದಿದೆ ಎಂದರ್ಥ. ನಮ್ಮದು ಮುಕ್ಕಾಲು ದೂರಕ್ಕೆ ಹೋಗಿ ನಿಂತಿತು. 'ಪಿನ್ನು ಬುಶ್ಶಿಗೆ ಸಾಕು, ಉದ್ದದ ಶಾಫ್ಟಿಗೆ ಆಸೆ ಪಡಬ್ಯಾಡ್ರಿ' ಅಂದರು ಅಪ್ಪ.

ಇನ್ನೊಂದು ಪರೀಕ್ಷೆಗೆ ಒಂದು ತುಂಡು ರಾಡು, ಒಂದು ಮೈಕ್ರೋಮೀಟರ್ ಸಾಕು. ದಪ್ಪನೆಯ ರಾಡನ್ನು ಚಕ್ಕಿಗೆ ಹಿಡಿಸಿ, ಟೇಲ್‌ಸ್ಟಾಕ್ ಆಸರೆ ಕೊಡದೆ, 150 ಮಿ.ಮೀ. ಉದ್ದಕ್ಕೆ ಸಣ್ಣ ಕಟ್ ಹಾಕಿ ಎರಡೂ ತುದಿ ಅಳೆಯಬೇಕು. ನಮ್ಮದರಲ್ಲಿ 0.08 ಮಿ.ಮೀ. ವ್ಯತ್ಯಾಸ ಬಂತು. ಲೇತ್ ಹೋಯಿತು ಅಂದುಕೊಂಡೆವು. ಅಪ್ಪ ನಕ್ಕು ನೆಲ ತೋರಿಸಿದರು. ಹಿತ್ತಲಿನ ನೆಲ ಒಂದು ಕಡೆ ಕುಸಿದಿತ್ತು, ಬೆಡ್ಡು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿತ್ತು. ಒಂದು ಕಾಲಿನ ಕೆಳಗೆ ತಗಡಿನ ಚೂರು ಕೊಟ್ಟು, ಮತ್ತೆ ಕಟ್ ಹಾಕಿ, ಮತ್ತೆ ಅಳೆದು, ಹೀಗೆ ಎರಡು ದಿನ ಮಾಡಿದ ಮೇಲೆ 0.02ಕ್ಕೆ ಬಂತು. 'ಈ ಲೇತ್ ಸರಿಯಿಲ್ಲ' ಎಂದು ಮಾರಿದ ಎಷ್ಟು ಲೇತ್‌ಗಳಲ್ಲಿ ಸರಿಯಿಲ್ಲದ್ದು ನೆಲವೋ ಯಾರಿಗೆ ಗೊತ್ತು.

ನಾವು ಮಾಡಿದ ತಪ್ಪನ್ನೂ ಹೇಳಬೇಕು. ತುಕ್ಕು ಕಂಡ ಕೂಡಲೇ ಪೇಟೆಯಿಂದ ಎಮೆರಿ ಪೇಪರ್ ತಂದು ಬೆಡ್ಡನ್ನು ಫಳಫಳ ಉಜ್ಜಿದೆವು. ಫೋಟೊ ಕೂಡ ತೆಗೆದು ಸ್ಟೇಟಸ್ ಹಾಕಿದೆವು. ಸಂಜೆ ಅಪ್ಪ ಬಂದು ಬೆಡ್ಡಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿ ಒಂದೇ ಮಾತು ಅಂದರು: 'ಮರಳು ಹಾಕೀರಿ.' ಎಮೆರಿಯ ಪುಡಿ ಎಣ್ಣೆಯ ಜೊತೆ ಸೇರಿ ಸ್ಯಾಡಲಿನ ಕೆಳಗೆ ಹೋಗಿತ್ತು. ಅಲ್ಲಿ ಕೂತರೆ ಅದು ದಿನವೂ ಬೆಡ್ಡನ್ನು ತಿನ್ನುತ್ತದೆ. ಆ ರಾತ್ರಿ ಮೂವರೂ ಸೇರಿ ಸ್ಯಾಡಲ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ತೊಳೆದು, ಅಂಚಿನ ಫೆಲ್ಟ್ ಬಟ್ಟೆ ಕಿತ್ತು ಹೊಸದು ಹಾಕಿದೆವು. ಮೇಲುಮೇಲಿನ ತುಕ್ಕಿಗೆ ಎಣ್ಣೆ ಸವರಿ ಒಂದು ದಿನ ಬಿಟ್ಟು, ಒರಟು ಬಟ್ಟೆಯಲ್ಲಿ ತಿಕ್ಕಿದರೆ ಸಾಕು. ಕಪ್ಪು ಕಲೆ ಉಳಿದರೆ ಉಳಿಯಲಿ, ಅದರಿಂದ ಜಾಬ್ ಕೆಡುವುದಿಲ್ಲ.

ಎಣ್ಣೆ ಬಿಡುವ ತೂತುಗಳ ಕಥೆಯೇ ಬೇರೆ. ಎಷ್ಟು ಎಣ್ಣೆ ಹಾಕಿದರೂ ಹೆಡ್‌ಸ್ಟಾಕಿನ ಒಂದು ಬೇರಿಂಗ್ ಬಿಸಿಯಾಗುತ್ತಿತ್ತು. ತಂತಿ ಹಾಕಿ ಕೆದಕಿದರೆ ಮಣ್ಣು ಬಂತು. ಕುಂಬಾರ ಹುಳ! ಆರು ವರ್ಷದಲ್ಲಿ ಸಿಕ್ಕ ಸಿಕ್ಕ ತೂತಿನಲ್ಲೆಲ್ಲ ಗೂಡು ಕಟ್ಟಿ ಸಂಸಾರ ಮಾಡಿತ್ತು. ನಿಂತ ಲೇತನ್ನು ಓಡಿಸುವ ಮುಂಚೆ ಪ್ರತಿ ತೂತಿಗೂ ತಂತಿ ಹಾಕಿ ನೋಡಿ. ಗನ್‌ಮೆಟಲ್ ಬೇರಿಂಗ್ ಎಣ್ಣೆಯಿಲ್ಲದೆ ತಿರುಗಿದರೆ ಹಿಡಿದುಕೊಂಡು ಬಿಡುತ್ತದೆ, ಆಮೇಲೆ ಅದರ ಖರ್ಚು ಲೇತಿನ ಬೆಲೆಗೆ ಸಮ.

ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಣ್ಣೆ ಬೇಡ. ಅದರಲ್ಲಿ ಕಬ್ಬಿಣದ ಪುಡಿಯೂ ಮಸಿಯೂ ಇರುತ್ತದೆ. ಯೂರಿಯಾ ಚೀಲ ಮತ್ತು ಲೇತ್ ಒಂದೇ ಕೋಣೆಯಲ್ಲಿ ಬೇಡ. ಗೊಬ್ಬರ ಗಾಳಿಯ ತೇವ ಎಳೆದು ಕಬ್ಬಿಣವನ್ನು ತಿನ್ನುತ್ತದೆ. ದನದ ಕೊಟ್ಟಿಗೆಯ ಗಾಳಿಯೂ ಹಾಗೇ. ಮಳೆಗಾಲದಲ್ಲಿ ಪ್ಲಾಸ್ಟಿಕ್ ತಾಡಪಾಲು ಬಿಗಿಯಾಗಿ ಹೊದಿಸಬೇಡಿ, ಒಳಗೆ ಬೆವರುತ್ತದೆ. ಎಣ್ಣೆ ಸವರಿ ಹಳೇ ಪಂಚೆ ಹೊದಿಸಿದರೆ ಸಾಕು. ಇನ್ನು ಆಯುಧಪೂಜೆ. ಪೂಜೆ ಮಾಡಿ, ನಾವೂ ಮಾಡುತ್ತೇವೆ. ಆದರೆ ಅವತ್ತು ಕೊಡಗಟ್ಟಲೆ ನೀರು ಹೊಯ್ದು ತೊಳೆದು, ಕುಂಕುಮ ಮೆತ್ತಿ, ನಿಂಬೆಹಣ್ಣು ಹಿಂಡಿ, ಮುಂದಿನ ದಸರಾ ತನಕ ಆ ಕಡೆ ತಿರುಗಿ ನೋಡದವರನ್ನು ಕಂಡರೆ ಲೇತಿಗೇ ಅಳು ಬರಬೇಕು.

ಕರೆಂಟಿನ ವಿಷಯಕ್ಕೆ ಬರೋಣ, ಯಾಕೆಂದರೆ ಹೆಚ್ಚಿನವರು ಕೈಬಿಡುವುದು ಇಲ್ಲೇ. ಹಳೇ ಲೇತಿನ ಮೋಟಾರು ತ್ರೀ ಫೇಸಿನದು, ಮನೆಗೆ ಬರುವುದು ಸಿಂಗಲ್ ಫೇಸ್. ತೋಟದ ಪಂಪ್‌ಸೆಟ್ ಲೈನಿನಿಂದ ಎಳೆದುಕೊಳ್ಳಿ ಎಂದು ನಮಗೂ ಹೇಳಿದವರಿದ್ದಾರೆ. ಅದು ತಪ್ಪು, ಸಿಕ್ಕಿಬಿದ್ದರೆ ದಂಡವೂ ಹೌದು. ಮೇಲಾಗಿ ಆ ಕರೆಂಟು ಬರುವುದೇ ಪಾಳಿಯ ಮೇಲೆ. ನಮ್ಮ ಮನೆಗೆ ಹೊಸ ತ್ರೀ ಫೇಸ್ ಲೈನ್ ಎಳೆಸಲು ಕಂಬ ದೂರ. ಕೊನೆಗೆ ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಮಾಡಿ ಕೊಡುವ ಡ್ರೈವ್, ಅಂದರೆ ವಿ.ಎಫ್.ಡಿ., ಹಾಕಿಸಿದೆವು. 2 ಎಚ್.ಪಿ. ಮೋಟಾರಿಗೆ ನಮಗೆ 9,500 ರೂಪಾಯಿ ಬಿತ್ತು. ಇದರಿಂದ ಹೊರಬರುವ ತ್ರೀ ಫೇಸ್ 230 ವೋಲ್ಟಿನದು, ಆದ್ದರಿಂದ ಸ್ಟಾರ್‌ನಲ್ಲಿದ್ದ ಮೋಟಾರನ್ನು ಡೆಲ್ಟಾಕ್ಕೆ ಬದಲಿಸಬೇಕು. ಮೋಟಾರಿನ ಪ್ಲೇಟ್ ಓದಬಲ್ಲ ಎಲೆಕ್ಟ್ರಿಶಿಯನ್ ಕೈಯಲ್ಲೇ ಮಾಡಿಸಿ, ಅರ್ಥಿಂಗ್ ಸರಿಯಾಗಿರಲಿ. ದುಡ್ಡು ತೆಗೆದುಕೊಂಡು ಕೆಲಸ ಮಾಡುವುದಾದರೆ ಮನೆಯ ಮೀಟರ್ ಸಾಲದು, ಸೆಕ್ಷನ್ ಆಫೀಸಿನಲ್ಲಿ ಕೇಳಿ ಬೇರೆ ಸಂಪರ್ಕ ತೆಗೆದುಕೊಳ್ಳಿ. ನಾವು ತೆಗೆದುಕೊಂಡೆವು, ಓಡಾಟ ಇತ್ತು, ಆಯಿತು.

ಈಗ ನಮಗೆ ನಿಜವಾಗಿ ನೋವಾದ ಸಂಗತಿ.

ಲೇತ್‌ನಲ್ಲಿ ತ್ರೆಡ್ ಹಾಕಲು ಎಡಗಡೆಯ ಚೇಂಜ್ ಗೇರುಗಳನ್ನು ಬದಲಿಸುತ್ತಾರೆ. ನಮ್ಮ ಲೇತಿನ ಲೀಡ್ ಸ್ಕ್ರೂ ಇಂಚಿನದು, ಇಂಚಿಗೆ 4 ತ್ರೆಡ್. ಹಳೇ ಲೇತ್‌ಗಳು ಹೆಚ್ಚಾಗಿ ಹಾಗೇ. ನಮ್ಮ ದೇಶ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದ್ದೇ 1956ರಲ್ಲಿ, ವರ್ಕ್‌ಶಾಪುಗಳು ಬದಲಾಗಲು ಅದಕ್ಕಿಂತ ಬಹಳ ಕಾಲ ಹಿಡಿಯಿತು. ಈಗಿನ ಬೋಲ್ಟೆಲ್ಲ ಮಿಲಿಮೀಟರಿನದು. ಇಂಚಿನ ಸ್ಕ್ರೂನಿಂದ ಮಿಲಿಮೀಟರಿನ ತ್ರೆಡ್ ಸರಿಯಾಗಿ ಬರಬೇಕಾದರೆ 127 ಹಲ್ಲಿನ ಒಂದು ಗೇರು ಬೇಕು. ಯಾಕೆ 127? ಒಂದು ಇಂಚು ಅಂದರೆ 25.4 ಮಿ.ಮೀ. ಅದನ್ನು 5ರಿಂದ ಗುಣಿಸಿದರೆ 127. ಅದಕ್ಕಿಂತ ಚಿಕ್ಕ ಪೂರ್ಣ ಸಂಖ್ಯೆಯಲ್ಲಿ ಈ ಲೆಕ್ಕ ಕೂಡುವುದಿಲ್ಲ.

ಅಪ್ಪನ ಹತ್ತಿರ ಆ ಗೇರು ಇತ್ತು. ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಗುಜರಿಯವರು ಬಂದ ಯುಗಾದಿಯ ದಿನ ಅಟ್ಟ ಸ್ವಚ್ಛ ಮಾಡಿದವರು ನಾವೇ. 'ಯಾವುದೋ ಹಲ್ಲಿನ ಚಕ್ರ' ಎಂದು ಹಳೇ ಪೈಪಿನ ಜೊತೆ ತೂಗಿ ಕೊಟ್ಟೆವು. ಲೇತ್ ಕೊಡಲು ವಾರ ಟೈಮ್ ಕೇಳಿದ ನಾವು ಅದರ ಜೀವವನ್ನು ಅರ್ಧ ತಾಸು ಮುಂಚೆ ನೂರು ರೂಪಾಯಿಯೊಳಗೆ ಮಾರಿದ್ದೆವು. ಎರಡು ತಿಂಗಳ ನಂತರ ಅಪ್ಪ ಚೀಲ ಕೇಳಿದಾಗ ಗೊತ್ತಾಯಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುಜರಿ ಅಂಗಡಿಗೆ ಓಡಿದೆವು, ಅಷ್ಟರಲ್ಲಿ ಲೋಡು ಹೋಗಿತ್ತು.

ದಾರಿ ತೋರಿಸಿದವರೂ ಅಪ್ಪನೇ. ಉಳಿದ ಗೇರುಗಳಲ್ಲಿ 63 ಹಲ್ಲಿನದೊಂದು ಇತ್ತು. 100ನ್ನು 127ರಿಂದ ಭಾಗಿಸಿದರೆ 0.7874, 63ನ್ನು 80ರಿಂದ ಭಾಗಿಸಿದರೆ 0.7875. ಹತ್ತಿರ ಹತ್ತಿರ ಒಂದೇ. 63 ಮತ್ತು 40 ತಿರುಗಿಸುವ ಕಡೆ, 80 ಮತ್ತು 100 ತಿರುಗುವ ಕಡೆ ಹಾಕಿದರೆ ನಮ್ಮ ಲೇತ್‌ನಲ್ಲಿ 2 ಮಿ.ಮೀ. ತ್ರೆಡ್ ಬದಲು 2.00025 ಬರುತ್ತದೆ. 25 ಮಿ.ಮೀ. ನಟ್ಟಿನಲ್ಲಿ ಮೂರು ಮೈಕ್ರಾನ್ ವ್ಯತ್ಯಾಸ, ಯಾವ ಟ್ರ್ಯಾಕ್ಟರಿಗೂ ಅದು ತಿಳಿಯುವುದಿಲ್ಲ. ಶಾಲೆಯಲ್ಲಿ ಭಿನ್ನರಾಶಿ ಲೆಕ್ಕಕ್ಕೆ ಅತ್ತವರು ನಾವು; ಏಳನೇ ಕ್ಲಾಸು ಓದಿದ ಅಪ್ಪ ಕಟ್ಟೆ ಮೇಲೆ ಕೂತು ಬಾಯಲ್ಲೇ ಈ ಲೆಕ್ಕ ಹೇಳಿದರು.

ಹಾಗಾಗಿ ನಮ್ಮ ಮಾತು ಇಷ್ಟು: ಲೇತ್ ಸಾಯುವುದು ವಯಸ್ಸಿನಿಂದ ಅಲ್ಲ. ಗೇರಿನ ಚೀಲ ಒಂದು ಕಡೆ, ನಾಲ್ಕು ಜಾ ಚಕ್ಕು ಇನ್ನೊಂದು ಕಡೆ, ಸ್ಟೆಡಿ ಮತ್ತೊಬ್ಬರ ಮನೆಯಲ್ಲಿ, ಹೀಗೆ ಕೈಕಾಲು ಕಳೆದುಕೊಂಡು ಸಾಯುತ್ತದೆ. ಓಡಿಸಬಲ್ಲ ಮುದುಕರು ಹೋದ ಮೇಲೆ ಪೂರ್ತಿ ಸಾಯುತ್ತದೆ. ಉಳಿದದ್ದನ್ನು ಅದು ತಾನೇ ಸರಿಮಾಡಿಕೊಳ್ಳಬಲ್ಲದು. ನಮ್ಮ ಕ್ರಾಸ್ ಸ್ಲೈಡಿನ ನಟ್ಟು ಸವೆದು ಹಿಡಿಕೆ ಅರ್ಧ ಸುತ್ತು ಖಾಲಿ ತಿರುಗುತ್ತಿತ್ತು. ಗನ್‌ಮೆಟಲ್ ತುಂಡು ತಂದು, ಅದೇ ಲೇತ್‌ನಲ್ಲಿ, ಆ ಸವೆದ ನಟ್ಟಿನಿಂದಲೇ ಸ್ಲೈಡ್ ಓಡಿಸಿ ಹೊಸ ನಟ್ಟು ಮಾಡಿಕೊಂಡೆವು. ಮೊದಲ ಎರಡು ಕೆಟ್ಟವು. ಬೇರೆ ಯಾವ ಮಷಿನ್ ಹೀಗೆ ತನ್ನ ಗಾಯಕ್ಕೆ ತಾನೇ ಮದ್ದು ಅರೆಯುತ್ತದೆ?

ದುಡ್ಡಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಡ್ರೈವ್, ಬೆಲ್ಟು, ಟೂಲು, ಮೀಟರು ಎಲ್ಲ ಸೇರಿ 21,000 ಖರ್ಚಾಯಿತು. ಒಂದು ಪಿನ್ನಿಗೆ 200, ಬುಶ್ಶಿಗೆ 300, ಸುಗ್ಗಿಯ ತಿಂಗಳಲ್ಲಿ ಐದಾರು ಸಾವಿರ, ಬೇಸಿಗೆಯಲ್ಲಿ ಏನೂ ಇಲ್ಲ. ಸಂಸಾರ ಇದರ ಮೇಲೆ ನಡೆಯುವುದಿಲ್ಲ. ಜಮೀನಿನ ಜೊತೆಗೆ ಇದೊಂದು ಆಸರೆ ಅಷ್ಟೆ.

ಎಲ್ಲರೂ ಇಟ್ಟುಕೊಳ್ಳಲೇಬೇಕು ಅಂತಲೂ ಅಲ್ಲ. ಬೆಡ್ಡು ಸೀಳಿದ್ದರೆ, ಓಡಿಸಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಬಾಗಿಲಿಲ್ಲದ ಶೆಡ್ಡಿನಲ್ಲಿ ಚಿಕ್ಕ ಮಕ್ಕಳು ಆಡುತ್ತಿದ್ದರೆ ಕೊಟ್ಟುಬಿಡಿ. ಸೀಳದ ಬೆಡ್ಡನ್ನು ಮಾತ್ರ ಲೇತ್ ಎಂದೇ ಕೊಡಿ, ಗೇರು ಚಕ್ಕು ಎಲ್ಲ ಜೊತೆಗಿಟ್ಟು. ಟರ್ನರ್ ಟ್ರೇಡ್ ಓದಿ ಊರಿಗೆ ವಾಪಸ್ ಬಂದ ಹುಡುಗ ಹುಡುಗಿಯರಿದ್ದಾರೆ, ಮೊದಲು ಅವರನ್ನು ಕೇಳಿ. ಕಂತಿನಲ್ಲಿ ಕೊಟ್ಟರೂ ಗುಜರಿಯ ರೇಟಿಗಿಂತ ಹೆಚ್ಚೇ ಬರುತ್ತದೆ.

ಓಡಿಸುವವರಿಗೆ ಅವ್ವ ಹಾಕಿದ ಕಾಯ್ದೆಗಳಿವೆ, ಅಪ್ಪನವೂ ಅವೇ. ಹೆಗಲ ಮೇಲೆ ಟವೆಲ್ ಇರಬಾರದು. ಲುಂಗಿ, ವೇಲು, ಸಡಿಲ ತೋಳಿನ ಅಂಗಿ ಆ ಕೋಣೆಗೆ ಬರಕೂಡದು, ಜಡೆ ಮೇಲಕ್ಕೆ ಕಟ್ಟಿರಬೇಕು. ಗ್ಲೌಸ್ ಹಾಕಿದರೆ ಕೈ ಉಳಿಯುತ್ತದೆ ಅಂದುಕೊಂಡಿದ್ದೆವು. ತಿರುಗುವ ಜಾಬು ಗ್ಲೌಸನ್ನು ಹಿಡಿದರೆ ಕೈಯನ್ನೂ ಎಳೆಯುತ್ತದೆ, ಹಾಗಾಗಿ ಅದೂ ಇಲ್ಲ. ಸುರುಳಿಯಾಗಿ ಬರುವ ಚೂರನ್ನು ಕೈಯಿಂದ ಎಳೆಯುವ ಹಾಗಿಲ್ಲ, ಕೊಕ್ಕೆಯಿದೆ. ಚಕ್ ಕೀಯನ್ನು ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ನಮ್ಮಲ್ಲಿ ತಮ್ಮ ಒಂದು ಸಲ ಮರೆತಿದ್ದ. ಗೋಡೆಯಲ್ಲಿ ಆ ಗುರುತು ಇನ್ನೂ ಇದೆ. ಅವ್ವ ಆ ಜಾಗಕ್ಕೆ ಸುಣ್ಣ ಬಳಿಯಲು ಬಿಟ್ಟಿಲ್ಲ.

ಅಪ್ಪನಿಗೆ ಈಗ ಅಳತೆ ಕಾಣುವುದಿಲ್ಲ. ಕಟ್ಟೆ ಮೇಲೆ ಕೂತು ಸದ್ದು ಕೇಳುತ್ತಾರೆ. 'ಟೂಲ್ ಮೊಂಡಾಗೈತಿ', 'ಫೀಡ್ ಜಾಸ್ತಿ ಆತು', 'ಎಣ್ಣಿ ಬಿಡು' ಎಂದು ಅಲ್ಲಿಂದಲೇ ಕೂಗುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅವರು ಹೇಳಿದ್ದೇ ಸರಿ ಇರುತ್ತದೆ. ಆ ಮಾತುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇವೆ, 40 ಪುಟ ಆಗಿದೆ.

ಯಾರ ಅಟ್ಟದಲ್ಲಾದರೂ 127 ಹಲ್ಲಿನ ಗೇರು ಇದ್ದರೆ ನಮಗೊಂದು ಮಾತು ತಿಳಿಸಿ. ಹಲ್ಲು ಎಣಿಸುವಾಗ ಮೊದಲ ಹಲ್ಲಿಗೆ ಸೀಮೆಸುಣ್ಣ ಹಚ್ಚಿಕೊಳ್ಳಿ, ಇಲ್ಲದಿದ್ದರೆ ತಪ್ಪುತ್ತದೆ.